ಕೂಗಬಾರದ ಕುಕ್ಕರ್

ಈಗಷ್ಟೇ ನಮ್ಮ ಮನೆಯ ಕುಕ್ಕರ್ ಒಂದು ಸಲ ಕೂಗಿತು. ಇದರಲ್ಲಿ ಬರೆಯುವಂಥದ್ದೇನಿದೆ ಎಂದು ನೀವು ಕೇಳಬಹುದು. ಬೆಳಗಿನ ಹೊತ್ತು ನಮ್ಮ ಚಂದ್ರಾ ಲೇಔಟಿನ ಯಾವ ಬೀದಿಯಲ್ಲಿ ನಿಂತರೂ ನಾಲ್ಕಾರು ಮನೆಯ ಕುಕ್ಕರುಗಳು ಒಂದರ ಮೇಲೊಂದು ಕೂಗುತ್ತಿರುತ್ತವೆ, ಯಾರೂ ಕಿವಿ ನಿಮಿರಿಸುವುದಿಲ್ಲ. ಆದರೆ ನಮ್ಮ ಮನೆಯ ಕುಕ್ಕರ್ ಬಾಯಿಬಿಟ್ಟು ವರ್ಷಗಳೇ ಆಗಿದ್ದವು. ಈಗ ನನ್ನ ಶಾಲೆಗೆ ಬೇಸಿಗೆ ರಜೆ. ಹೆಂಡತಿ ಗಿರಿಜ ಆಫೀಸಿಗೆ ಹೋಗಿದ್ದಾಳೆ. ಬೇಳೆ ಬೇಯಲು ಮೂರು ಕೂಗು ಬೇಕಾಗುವುದರಿಂದ, ಉಳಿದ ಎರಡಕ್ಕೆ ಕಾಯುತ್ತ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೇನೆ. ಸುಮ್ಮನೆ ನಿಂತವನಿಗೆ ಹಳೆಯದೆಲ್ಲ ನೆನಪಾಗುತ್ತದೆ.

ಕುಕ್ಕರಿಗಿಂತ ಮೊದಲು ಅಪ್ಪನ ಗಂಟಲಿನ ವಿಷಯ ಹೇಳಬೇಕು. ಅಪ್ಪ ದಾವಣಗೆರೆಯಲ್ಲಿ ಬಸ್ ಕಂಡಕ್ಟರ್ ಆಗಿದ್ದವರು, ಆಮೇಲೆ ಅಲ್ಲೇ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆದರು. ಯಾವ ಬಸ್ಸು ಎಲ್ಲಿಗೆ, ಯಾವ ಅಂಕಣದಲ್ಲಿ ನಿಂತಿದೆ ಎಂದು ಮೈಕಿನಲ್ಲಿ ಹೇಳುವುದು ಅವರ ಕೆಲಸ. ಕರೆಂಟು ಹೋದರೆ ಕಿಟಕಿಯಿಂದ ತಲೆ ಹೊರಹಾಕಿ, “ಹರಿಹರ, ರಾಣೆಬೆನ್ನೂರು, ಹಾವೇರಿ, ಹುಬ್ಬಳ್ಳೀ” ಎಂದು ಕೂಗುತ್ತಿದ್ದರು. ಕರೆಂಟು ಹೋದದ್ದೇ ಜನರಿಗೆ ತಿಳಿಯುತ್ತಿರಲಿಲ್ಲ. ಅಂಥ ಗಂಟಲು. ಅವರು ಸೀನಿದರೆ ತೊಟ್ಟಿಲ ಕೂಸು ಏಳುತ್ತಿತ್ತು. ನನಗೂ ಅದರಲ್ಲಿ ಒಂದು ಪಾಲು ಬಂದಿದೆ. ಹೈಸ್ಕೂಲಿನಲ್ಲಿ ನಾನು ಎಂಟನೆಯ ತರಗತಿಗೆ ಕನ್ನಡ ಪಾಠ ಮಾಡಿದರೆ ಪಕ್ಕದ ಒಂಬತ್ತನೆಯ ತರಗತಿಗೆ ಪುನರ್ಮನನ ಆಗುತ್ತದೆ ಎಂದು ಗಣಿತದ ಮೇಷ್ಟ್ರು ತಮಾಷೆ ಮಾಡುತ್ತಾರೆ.

ಅಮ್ಮ ತೀರಿಕೊಂಡ ಮೇಲೆ ಅಪ್ಪ ನಮ್ಮ ಜೊತೆ ಇರಲು ಇಲ್ಲಿಗೆ ಬಂದರು. ಬೆಳಿಗ್ಗೆ ಮಿಂದು ವಿಭೂತಿ ಧರಿಸಿ, ಲಿಂಗಪೂಜೆ ಮಾಡಿ, ಗಂಟೆ ಬಾರಿಸಿ ಗಟ್ಟಿಯಾಗಿ ಮಂತ್ರ ಹೇಳುತ್ತಿದ್ದರು. ಮಹಡಿಯ ಮೇಲಿನ ಓನರಮ್ಮ ಅದನ್ನು ಕೇಳಿಯೇ ಕಾಫಿಗೆ ಹಾಲಿಡುತ್ತಿದ್ದರು. ಆಮೇಲೆ ಗೇಟಿನ ಬಳಿ ನಿಂತು ಹೋಗುವವರು ಬರುವವರನ್ನೆಲ್ಲ ಮಾತಾಡಿಸುವುದು. ಊರಿನಲ್ಲಿರುವ ತಮ್ಮ ತಂಗಿಗೆ ಫೋನ್ ಮಾಡಿದರೆ, ಇವರಿಗೆ ಫೋನ್ ಯಾಕೆ ಬೇಕು ಎಂದು ಗಿರಿಜ ನಗುತ್ತಿದ್ದಳು.

ಗಿರಿಜಳ ಕೆಲಸ ನಗರದ ಇನ್ನೊಂದು ತುದಿಯಲ್ಲಿತ್ತು. ಯಾವುದೋ ದೇಶದ ಆರೋಗ್ಯ ವಿಮೆಯವರ ಗ್ರಾಹಕರಿಗೆ ಇಲ್ಲಿಂದ ಫೋನಿನಲ್ಲಿ ಉತ್ತರ ಕೊಡುವ ಕಂಪನಿ. ಯಾರದೋ ಮಂಡಿ ಆಪರೇಷನ್ನಿಗೆ ಇಷ್ಟು ಕೊಡುತ್ತೇವೆ, ಇನ್ಯಾರದೋ ಹಲ್ಲಿಗೆ ಕೊಡುವುದಿಲ್ಲ, ದಯವಿಟ್ಟು ಬೇಸರಿಸಬೇಡಿ ಎಂದು ಮೃದುವಾಗಿ ಹೇಳುವುದು ಅವಳ ಉದ್ಯೋಗ. ಹೋಗಿ ಬರುವುದರಲ್ಲೇ ಅರ್ಧ ಜೀವ ಹೋಗುತ್ತಿತ್ತು. ಧೂಳಿಗೆ ವೀಸಿಂಗ್ ಬರುತ್ತಿತ್ತು, ಹ್ಯಾಂಡ್‌ಬ್ಯಾಗಿನಲ್ಲಿ ಇನ್‌ಹೇಲರ್ ಇಲ್ಲದೆ ಮನೆ ಬಿಡುತ್ತಿರಲಿಲ್ಲ. ಹಾಗಾಗಿ ಕಂಪನಿಯವರು, ಇನ್ನು ಮೇಲೆ ನಮ್ಮದು ಫ್ಲೆಕ್ಸಿಬಲ್ ಆಫೀಸು, ಮನೆಯಿಂದಲೇ ಮಾಡಿ, ನಿಮಗೆ ಅನುಕೂಲವಾದ ಹೊತ್ತಿಗೆ ಮಾಡಿ ಎಂದಾಗ ನಮ್ಮ ಮನೆಯಲ್ಲಿ ಹೋಳಿಗೆ ಮಾಡಿದ್ದೆವು. ಸುಳ್ಳು ಹೇಳಬಾರದು, ಮೊದಲ ಕೆಲವು ತಿಂಗಳು ಸುಖವಾಗಿಯೇ ಇದ್ದೆವು. ವೀಸಿಂಗ್ ನಿಂತಿತು. ಮಧ್ಯಾಹ್ನ ಮಾವ ಸೊಸೆ ಇಬ್ಬರೂ ಎದುರುಬದುರು ಕೂತು ಬಿಸಿ ಊಟ ಮಾಡುತ್ತಿದ್ದರು.

ಅಕ್ಕಿ ಡಬ್ಬದ ಮೇಲೆ ಚಪಾತಿ ಮಣೆ, ಅದರ ಮೇಲೆ ಲ್ಯಾಪ್‌ಟಾಪ್, ಅದರೆದುರು ಮಂಚದ ತುದಿಯಲ್ಲಿ ಗಿರಿಜ. ನಮ್ಮ ಮಲಗುವ ಕೋಣೆ ಹೀಗೆ ಆಫೀಸಾಯಿತು. ಬಾಡಿಗೆ ನಮ್ಮದು, ಕರೆಂಟು ನಮ್ಮದು, ಮಣೆಯೂ ನಮ್ಮದೇ. ಆಮೇಲೆ ತಿಳಿದದ್ದೇನೆಂದರೆ, ಅವಳ ಕಾಲ್‌ಗಳನ್ನು ಕೇಳಿ ಅಂಕ ಹಾಕುವವರು ಬೇರೆ ಕೂತಿರುತ್ತಾರೆ. ಮಾತು ಮೃದುವಾಗಿತ್ತೇ, ಗ್ರಾಹಕರ ಹೆಸರು ಹೇಳಿದಳೇ, ಹಿಂದೆ ಏನಾದರೂ ಸದ್ದಿತ್ತೇ. ಸದ್ದಿದ್ದರೆ ಅಂಕ ಕಡಿಮೆ. ಹಲವು ಸಲ ಕಡಿಮೆಯಾದರೆ ಕೆಲಸಕ್ಕೇ ಸಂಚಕಾರ. ಒಂದು ದಿನ ನಮ್ಮ ಕುಕ್ಕರ್ ಕೂಗಿದ್ದು ಸಮುದ್ರದಾಚೆಯ ಯಾರೋ ಅಜ್ಜಿಗೆ ಕೇಳಿಸಿ, ನಿಮ್ಮಲ್ಲಿ ರೈಲು ಹೋಗುತ್ತಿದೆಯೇ ಎಂದು ಆಕೆ ಕೇಳಿದರಂತೆ. ಗಿರಿಜ ನಗುತ್ತ ಹೇಳಿದಳು. ಅಪ್ಪ ನಗಲಿಲ್ಲ.

“ನಿನ್ನ ನೌಕರಿಗೆ ತ್ರಾಸ ಆಗ್ಬಾರ್ದವಾ,” ಎಂದರು. “ಇವತ್ತಿಂದ ಕುಕ್ಕರ್ ನನ್ನ ಡ್ಯೂಟಿ.”

“ಅಯ್ಯೋ ಮಾವ, ಒಂದ್ಸಲ ಕೂಗಿದ್ರೆ ಏನೂ ಆಗಲ್ಲ ಬಿಡಿ.”

“ಒಂದು ಸೀಟಿಗೆ ಬಸ್ಸೇ ನಿಲ್ತೈತಿ. ಸೀಟಿ ಅಂದ್ರೆ ಏನಂತ ನನಗ ಹೇಳ್ಬ್ಯಾಡ.”

ಅಂದಿನಿಂದ ಅಪ್ಪ ಒಲೆಯ ಎದುರು ಸ್ಟೂಲ್ ಹಾಕಿಕೊಂಡು ಕೂತರು. ಕುಕ್ಕರಿನ ವೆಯ್ಟು ಬುಸುಗುಟ್ಟುತ್ತ ಮೇಲೇಳುವ ಸೂಚನೆ ಕಂಡ ಕೂಡಲೇ ಒಲೆ ಆರಿಸುವುದು, ತಣಿದ ಮೇಲೆ ಮತ್ತೆ ಹಚ್ಚುವುದು. ನಾವು ತಿಂದದ್ದು ಬೆಂದೂ ಬೇಯದ ಬೇಳೆ. ಮಿಕ್ಸಿ ಮೂಲೆ ಸೇರಿತು. ಗಂಟೆ ಪೂಜೆಯ ತಟ್ಟೆಯಲ್ಲೇ ಮಲಗಿತು. ಮಂತ್ರ ತುಟಿಯಲ್ಲೇ ಮುಗಿಯಿತು. ತಳ್ಳುಗಾಡಿಯ ಸೊಪ್ಪಿನವನು ಸ್ಪೀಕರ್ ಹಾಕಿಕೊಂಡು ಬಂದರೆ ಅಪ್ಪ ಗೇಟಿಗೆ ಓಡಿ, ತುಟಿಯ ಮೇಲೆ ಬೆರಳಿಟ್ಟು, “ಏ ತಮ್ಮಾ, ಬಂದ್ ಮಾಡೋ, ಒಳಗ ಮೀಟಿಂಗ್ ನಡದೈತಿ,” ಎನ್ನುತ್ತಿದ್ದರು. ಜೀವಮಾನವಿಡೀ ಕೂಗಿ ಅನ್ನ ತಿಂದ ಮನುಷ್ಯ ಕೂಗುವವರನ್ನು ಸುಮ್ಮನಿರಿಸತೊಡಗಿದ್ದ. ನಾನೂ ಕಮ್ಮಿಯಿರಲಿಲ್ಲ. ಸೀನು ಬಂದರೆ ಬಚ್ಚಲಿಗೆ ಹೋಗಿ ಟವೆಲಿನಲ್ಲಿ ಮುಖ ಮುಚ್ಚಿ ಸೀನುತ್ತಿದ್ದೆ. ಆ ದಿನಗಳಲ್ಲಿ ಯಾರಾದರೂ ನನ್ನನ್ನು ನೋಡಿದ್ದರೆ, ಸ್ವಂತ ಮನೆಯಲ್ಲೇ ಕಳ್ಳತನಕ್ಕೆ ಬಂದವನು ಎಂದುಕೊಳ್ಳುತ್ತಿದ್ದರು.

ಕೋಣೆಯ ಬಾಗಿಲ ಹಿಡಿಗೆ ಕೆಂಪು ಬಟ್ಟೆ ಕಟ್ಟುವ ಪದ್ಧತಿಯೂ ಅಪ್ಪನದೇ. ಅರಿಶಿನ ಕುಂಕುಮಕ್ಕೆ ಹೋದಲ್ಲಿ ಕೊಡುವ ರವಿಕೆ ಬಟ್ಟೆಗಳನ್ನು ನೀವು ಬಲ್ಲಿರಿ. ಯಾರೂ ಹೊಲಿಸುವುದಿಲ್ಲ, ಮನೆಯಿಂದ ಮನೆಗೆ ಸುತ್ತುತ್ತಲೇ ಇರುತ್ತವೆ. ಅಂಥದೊಂದು ಕೆಂಪು ಬಟ್ಟೆಯ ಸಂಚಾರವನ್ನು ಅಪ್ಪ ನಮ್ಮ ಮನೆಯಲ್ಲಿ ನಿಲ್ಲಿಸಿದರು. ಕೆಂಪು ಇದ್ದರೆ ಒಳಗೆ ಕಾಲ್ ನಡೆಯುತ್ತಿದೆ, ಯಾರೂ ಕರೆಯಕೂಡದು. ತೆಗೆದರೆ ರೈಟ್. ಕಂಡಕ್ಟರ್ ಮಾಡಿದ ಕಾನೂನು ಎಂದು ನಾವೆಲ್ಲ ನಕ್ಕೆವು, ಪಾಲಿಸಿದೆವು.

ಅನುಕೂಲವಾದ ಹೊತ್ತು ಎಂದರೆ ಯಾರ ಅನುಕೂಲ ಎಂದು ಕಂಪನಿಯವರು ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಬರಬರುತ್ತಾ ಹೇಗಿದ್ದರೂ ಮನೆಯಲ್ಲೇ ಇದ್ದೀರಲ್ಲ ಎಂದು ಬೆಳಿಗ್ಗೆಯೂ ಕಾಲ್, ಸಂಜೆಯೂ ಕಾಲ್. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎನ್ನುವುದು ಸುಮ್ಮನೆ ಹುಟ್ಟಿದ ಮಾತಲ್ಲ. ಕೆಂಪು ಬಟ್ಟೆ ಇಳಿಯುವುದೇ ಅಪರೂಪವಾಯಿತು. ಬಿಸಿ ಊಟದ ಕಾಲ ಮುಗಿದು, ಗಿರಿಜ ಎರಡು ಕಾಲ್‌ಗಳ ನಡುವೆ ನಿಂತೇ ನಾಲ್ಕು ತುತ್ತು ನುಂಗುತ್ತಿದ್ದಳು. ವೀಸಿಂಗ್ ಹೋದ ಜಾಗಕ್ಕೆ ಕತ್ತು ನೋವು, ಹೊಟ್ಟೆ ಉರಿ ಬಂದವು. ನಲವತ್ತು ತುಂಬುವ ಮೊದಲೇ ಬಿಪಿ ಮಾತ್ರೆ. ಮಾವ ಸೊಸೆಯರ ಮಾತ್ರೆ ಒಂದೇ ಎಂದು ಮೆಡಿಕಲ್ ಅಂಗಡಿಯವರು ಒಂದೇ ಚೀಟಿಯಲ್ಲಿ ಕೊಡುತ್ತಿದ್ದರು.

ಕಂಪನಿಯವರಿಗೆ ನಮ್ಮ ಆರೋಗ್ಯದ ಬಗ್ಗೆ ಕಾಳಜಿ ಇರಲಿಲ್ಲ ಎನ್ನಲಾರೆ. ಕುಟುಂಬದ ಸ್ವಾಸ್ಥ್ಯ ಎಂದು ಪರದೆಯ ಮೇಲೆ ಒಂದು ತರಗತಿ ನಡೆಸಿದರು. ಒಬ್ಬ ಹುಡುಗಿ ಬಂದು ಕಣ್ಣು ಮುಚ್ಚಿ ನಿಧಾನವಾಗಿ ಉಸಿರು ಎಳೆದುಕೊಳ್ಳಿ, ಹಿಡಿದಿಡಿ, ಬಿಡಿ ಎಂದು ಹೇಳಿಕೊಡುತ್ತಿದ್ದಳು. ಅಪ್ಪನಿಗೆ ಆಗ ಕೆಮ್ಮು. ಬಾಗಿಲಲ್ಲಿ ಕೆಂಪು ಕಂಡು, ಹಾಲಿನಲ್ಲಿ ಕೂತು ಎದೆ ಒತ್ತಿಕೊಂಡು ಕೆಮ್ಮನ್ನು ಹಿಡಿದಿಟ್ಟರು. ಒಳಗೂ ಉಸಿರು ಹಿಡಿದಿದ್ದರು, ಹೊರಗೂ ಹಿಡಿದಿದ್ದರು. ಒಳಗಿನವರಿಗೆ ಮಾತ್ರ ಬಿಡಿ ಎನ್ನುವವರಿದ್ದರು.

ಅವರೆಕಾಯಿಯ ಕಾಲ. ನಾನು ಶಾಲೆಯಲ್ಲಿದ್ದೆ. ಅಪ್ಪ ಹಾಲಿನಲ್ಲಿ ಮೊರ ಇಟ್ಟುಕೊಂಡು ಅವರೆ ಬಿಡಿಸುತ್ತಿದ್ದರು. ಸದ್ದಿಲ್ಲದ ಕೆಲಸವೆಂದು ಅವರಿಗೆ ಅದು ಇಷ್ಟ. ಗಿರಿಜ ಕಾಲ್ ಮುಗಿಸಿ, ಹಿಡಿಯ ಕೆಂಪು ಬಟ್ಟೆ ಬಿಚ್ಚಲೆಂದು ಬಾಗಿಲು ತೆಗೆದಾಗ ಅಪ್ಪ ಕುರ್ಚಿಯಲ್ಲಿ ಒಂದು ಕಡೆಗೆ ವಾಲಿ ಕೂತಿದ್ದರು. ಬಾಯಿ ಸೊಟ್ಟಗಾಗಿತ್ತು. ಬಲಗೈ ಮಡಿಲಲ್ಲಿ ಬಿದ್ದಿತ್ತು. “ಮಾವ, ಏನಾಯ್ತು ಮಾವ?” ಎಂದರೆ ಕಣ್ಣು ಮಾತ್ರ ಅಲ್ಲಾಡಿತು.

ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕೇಳಿದ್ದು ಇದನ್ನೇ. “ಶುರುವಾಗಿ ಎಷ್ಟು ಹೊತ್ತಾಯ್ತಮ್ಮ?”

“ಒಂದು ಕಾಲ್‌ನಲ್ಲಿದ್ದೆ ಸಾರ್. ಉದ್ದ ಕಾಲ್,” ಎಂದಳು ಗಿರಿಜ.

“ಇನ್ನು ಸ್ವಲ್ಪ ಬೇಗ ಬಂದಿದ್ರೆ ಮಾತು ಉಳಿಸ್ಬೋದಿತ್ತೇನೋ. ಮನೇಲಿ ಯಾರೂ ಇರಲಿಲ್ವಾ?”

ಈ ಪ್ರಶ್ನೆಗೆ ನೀವಾದರೂ ಏನು ಉತ್ತರ ಕೊಡುತ್ತೀರಿ? ಮನೆಯಲ್ಲಿ ಇದ್ದಳು. ಹತ್ತು ಹೆಜ್ಜೆಯೂ ಇಲ್ಲದಷ್ಟು ಹತ್ತಿರ ಇದ್ದಳು. ಆಫೀಸಿನಲ್ಲಿದ್ದಳು.

ಸಂಜೆ ಬಟ್ಟೆ ತರಲು ಮನೆಗೆ ಬಂದಾಗ ನಾನು ಹಾಲಿನ ನೆಲ ನೋಡಿದೆ. ಕುರ್ಚಿಯಿಂದ ಕೋಣೆಯ ಬಾಗಿಲವರೆಗೆ ಅವರೆಕಾಳು ಚೆಲ್ಲಿದ್ದವು. ಬಾಗಿಲ ಮುಂದೆ ಒಂದಿಷ್ಟು ಹೆಚ್ಚು ಬಿದ್ದಿದ್ದವು. ಅಲ್ಲಿಂದ ತಿರುಗಿ ಕುರ್ಚಿಯವರೆಗೂ ಬಿದ್ದಿದ್ದವು. ಕೈ ಸೋತದ್ದು ಗೊತ್ತಾಗಿ, ಮುಷ್ಟಿಯ ಕಾಳು ಜಾರುತ್ತಿದ್ದಂತೆಯೇ, ಅಪ್ಪ ಎದ್ದು ಬಾಗಿಲಿಗೆ ಹೋಗಿದ್ದಾರೆ. ಕೆಂಪು ನೋಡಿದ್ದಾರೆ. ನಿಂತಿದ್ದಾರೆ. ವಾಪಸು ಬಂದು ಕೂತಿದ್ದಾರೆ. ಒಂದು ಬಸ್ ನಿಲ್ದಾಣವನ್ನೇ ಎಬ್ಬಿಸುವ ಗಂಟಲಿತ್ತು ಅವರಿಗೆ. ಬಾಗಿಲು ತಟ್ಟಲು ಎಡಗೈ ನೆಟ್ಟಗಿತ್ತು. ನಾನು ಆ ಕಾಳುಗಳನ್ನು ಗುಡಿಸಿದೆ. ಗಿರಿಜಳಿಗೆ ಹೇಳಲಿಲ್ಲ. ಆದರೆ ಅವಳೂ ಬಾಗಿಲು ತೆಗೆದಾಗ ಅವುಗಳ ಮೇಲೆಯೇ ಕಾಲಿಟ್ಟು ಬಂದಿದ್ದಳಲ್ಲ, ಕಂಡೇ ಇರುತ್ತಾಳೆ. ಈವರೆಗೆ ನಾವಿಬ್ಬರೂ ಆ ಮಾತೆತ್ತಿಲ್ಲ.

ನನಗೆ ಸಿಟ್ಟಿದೆ. ಯಾರ ಮೇಲೆ ಎಂದು ಹೇಳಲಾರದ್ದೇ ಆ ಸಿಟ್ಟಿನ ಕಷ್ಟ. ಗಿರಿಜಳ ಮೇಲೆ ಮಾಡಿಕೊಂಡರೆ ಅನ್ಯಾಯ. ಅವಳು ಅಂದಿನಿಂದ ಕೆಂಪು ಸೀರೆ ಉಟ್ಟಿಲ್ಲ. ಕಂಪನಿಯವರಂತೂ ನಮ್ಮ ಮನೆಯ ಹೊಸ್ತಿಲನ್ನೇ ತುಳಿದವರಲ್ಲ; ಅಪ್ಪನಿಗೆ ಸುಮ್ಮನಿರಿ ಎಂದು ಅವರು ಯಾವತ್ತೂ ಹೇಳಲಿಲ್ಲ. ಹೇಳದೆಯೇ ಅಷ್ಟು ಮಾಡಿಸಿಕೊಂಡರಲ್ಲ, ಅದಕ್ಕೇ ನನಗೆ ಮೈ ಉರಿಯುವುದು.

ಅಪ್ಪ ಕುರ್ಚಿಯಲ್ಲಿ ಕೂರುವಷ್ಟು ಚೇತರಿಸಿಕೊಂಡ ಹೊತ್ತಿಗೆ ಕಂಪನಿಯಿಂದ ಇನ್ನೊಂದು ಮೇಲ್ ಬಂತು. ಎಲ್ಲರೂ ಮತ್ತೆ ಆಫೀಸಿಗೆ ಬರಬೇಕಂತೆ. ಮುಖ ಮುಖ ನೋಡಿ ಕೆಲಸ ಮಾಡಿದರೆ ಆತ್ಮೀಯತೆ ಬೆಳೆಯುತ್ತದಂತೆ. ಮನೆಯಲ್ಲಿ ಮಾವನಿಗೆ ಹೀಗಾಗಿದೆ, ಈಗ ನಿಜವಾಗಿಯೂ ಮನೆಯಲ್ಲಿರಬೇಕಾಗಿದೆ ಎಂದು ಗಿರಿಜ ಬರೆದಳು. ನಿಮ್ಮ ಕುಟುಂಬಕ್ಕಾಗಿ ಪ್ರಾರ್ಥಿಸುತ್ತೇವೆ, ಸೋಮವಾರದಿಂದ ಬನ್ನಿ ಎಂದು ಉತ್ತರ ಬಂತು. ಈಗ ಶಾಲೆಯ ದಿನಗಳಲ್ಲಿ ಒಬ್ಬ ಆಯಾ ಬಂದು ಅಪ್ಪನನ್ನು ನೋಡಿಕೊಳ್ಳುತ್ತಾರೆ, ರಜೆಯಲ್ಲಿ ನಾನು. ಗಿರಿಜಳ ಹ್ಯಾಂಡ್‌ಬ್ಯಾಗಿಗೆ ಇನ್‌ಹೇಲರ್ ಮರಳಿದೆ. ಕತ್ತು ನೋವು ಹಾಗೇ ಇದೆ.

ಅಗೋ, ಎರಡನೆಯದು ಕೂಗಿತು. ಎಷ್ಟು ವರ್ಷಗಳಾಗಿದ್ದವು ಈ ಸದ್ದು ಕೇಳಿ! ಆಯಾ ಕೂಡ ಗಿರಿಜ ಹೇಳಿಕೊಟ್ಟಂತೆ ಹಳೆಯ ಅಭ್ಯಾಸದಲ್ಲೇ ಒಲೆ ಆರಿಸಿಬಿಡುತ್ತಿದ್ದರು. ಇವತ್ತು ನಾನು ಬೇಕೆಂದೇ ಬಿಟ್ಟಿದ್ದೇನೆ. ಇನ್ನು ಈ ಮನೆಯಲ್ಲಿ ಯಾರಿಗೆ ಹೆದರಬೇಕು? ಕೂಗಲಿ, ಬೀದಿಗೆಲ್ಲ ಕೇಳಲಿ ಎಂದುಕೊಂಡು ಹಾಲ್ ಕಡೆ ತಿರುಗಿದೆ.

ಅಪ್ಪ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ನನ್ನನ್ನೇ ನೋಡುತ್ತಿದ್ದರು. ಮುಖದಲ್ಲಿ ಗಾಬರಿ. ಎಡಗೈ ಮೇಲೆದ್ದು, ತೋರುಬೆರಳು ಸೊಟ್ಟ ತುಟಿಯ ಮೇಲೆ ಬಂದು ನಿಂತಿತು. ಆಮೇಲೆ ಅದೇ ಬೆರಳು ಕೋಣೆಯ ಕಡೆ ತಿರುಗಿತು. ಕೋಣೆ ಖಾಲಿ. ಬಾಗಿಲು ತೆರೆದೇ ಇತ್ತು. ಬಾಗಿಲ ಹಿಡಿಯಲ್ಲಿ ಬಟ್ಟೆಯೂ ಇರಲಿಲ್ಲ.

“ಒಳಗೆ ಯಾರೂ ಇಲ್ಲಪ್ಪಾ,” ಎಂದೆ. ಹೇಳಿದ ಮೇಲೆ ಗಮನಿಸಿದೆ, ಪಿಸುಮಾತಿನಲ್ಲಿ ಹೇಳಿದ್ದೆ.

ಅಪ್ಪ ಬೆರಳನ್ನು ಮತ್ತೆ ತುಟಿಯ ಮೇಲಿಟ್ಟರು. ಒಲೆಯ ಮೇಲೆ ಕುಕ್ಕರ್ ಬುಸುಗುಟ್ಟತೊಡಗಿತು. ಮೂರನೆಯದು ಕೂಗುವ ಮೊದಲೇ ನಾನು ಓಡಿ ಹೋಗಿ ಒಲೆ ಆರಿಸಿದೆ.