ಗಿಡ್ಡಯ್ಯನ ತಲೆಯ ನಕ್ಷೆ

ಶೃತಿ ಗಿಡ್ಡಯ್ಯನನ್ನು ಮೊದಲು ಕಂಡದ್ದು ದೋಣಿಗಲ್ ಹತ್ತಿರದ ಒಂದು ಕಾಫಿ ಎಸ್ಟೇಟಿನ ಮೋರಿಯ ಬಳಿ, ನವೆಂಬರಿನ ಒಂದು ಬೆಳಿಗ್ಗೆ ಏಳೂವರೆಗೆ. ತೋಳು ಹರಿದ ಖಾಕಿ ಅಂಗಿ, ಮೊಣಕಾಲಿಗೆ ಮಡಚಿದ ಪ್ಯಾಂಟು. ಕುಕ್ಕರಗಾಲಲ್ಲಿ ಕೂತು ಆನೆಲದ್ದಿಯನ್ನು ಕಡ್ಡಿಯಿಂದ ಬಿಡಿಸಿ ನೋಡುತ್ತಿದ್ದ. ತಲೆಯೆತ್ತದೆಯೇ ಎಡಗೈ ಅಡ್ಡ ಹಿಡಿದ.

"ಅಲ್ಲೇ ನಿಂತ್ಕಳವ್ವ. ಪೌಡರ್ ಬಳ್ಕಂಡ್ ಬಂದಿದ್ದೀಯ. ಗಾಳಿ ನಿನ್ನ ಕಡೆಯಿಂದ ತೋಟದೊಳಕ್ಕೆ ಹೋಗ್ತಾ ಐತೆ."

ಶೃತಿಗೆ ನಾಚಿಕೆಯಾಯಿತು. ಆಲೂರು ಕಡೆಯ ಹಳ್ಳಿಯವಳು, ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು. ಮೊದಲ ಕೆಲಸದ ಮೊದಲ ದಿನವೆಂದು ಪೌಡರು ಹಾಕಿದ್ದಳು.

ಆನೆ ಬರುವುದನ್ನು ಮೊದಲೇ ತಿಳಿಸುವ ಯೋಜನೆಗಾಗಿ ಅವಳನ್ನು ಕಳಿಸಿದ ಸಂಸ್ಥೆಗೆ ಬೇಕಾಗಿದ್ದದ್ದು ಆನೆಯಲ್ಲ, ಗಿಡ್ಡಯ್ಯನ ತಲೆ. ಅರಣ್ಯದವರು ಕಾಡು ನೋಡುತ್ತಾರೆ, ತೋಟದವರು ಬೇಲಿ ನೋಡುತ್ತಾರೆ. ಹಳ್ಳದ ನೀರು, ಆನೆ ಮುರಿದು ತಿನ್ನುವ ಬೈನೆ ಮರ, ಆನೆ ಓಡಿಸಲು ಪಕ್ಕದ ಎಸ್ಟೇಟಿನವರು ಹೊಡೆಯುವ ಪಟಾಕಿ ಎಲ್ಲವನ್ನೂ ಒಟ್ಟಿಗೆ ನೋಡುವವನು ಹದಿನೆಂಟು ವರ್ಷದಿಂದ ಈ ಎಸ್ಟೇಟಿನಲ್ಲಿ ಆನೆ ಕಾವಲು ಮಾಡುತ್ತಿದ್ದ ಇವನೊಬ್ಬನೇ. ಇವನು ಹೇಗೆ ಕಾಣುತ್ತಾನೆ, ಕಂಡದ್ದರಿಂದ ಹೇಗೆ ತೀರ್ಮಾನಕ್ಕೆ ಬರುತ್ತಾನೆ ಎಂಬುದನ್ನು ಕಂಪ್ಯೂಟರಿಗೆ ಕಲಿಸಿದರೆ ಎಲ್ಲವೂ ಒಂದೇ ನಕ್ಷೆಗೆ ಬರುತ್ತದೆಂದು ಯೋಜನೆಯ ಮುಖ್ಯಸ್ಥ ಅಭಿಲಾಷ್ ಹೇಳುತ್ತಿದ್ದ.

ಒಂದು ವರ್ಷ ಶೃತಿ ಅವನ ಹಿಂದೆ ನಡೆದಳು. ಕಂಡ ಪ್ರತಿ ಕುರುಹಿಗೂ ಅಂಕ ಹಾಕಿದಳು. ಅದರಿಂದ ಬರೆದು ಗೋಡೆಗೆ ಅಂಟಿಸಿದ ನಕ್ಷೆಯ ವೃತ್ತ, ಬಾಣಗಳನ್ನು ನೋಡಿ ಗಿಡ್ಡಯ್ಯ ನಕ್ಕ. "ನನ್ನ ತಲೆ ಇದೇನಾ? ಜೇಡ ಬಲೆ ಕಟ್ದಂಗೈತಲ್ಲ ಮಾರಾಯ್ತಿ!"

ಮುಂದಿನ ಚಳಿಗಾಲಕ್ಕೆ, ಶೃತಿ ದಿನವೂ ಬೆಳಿಗ್ಗೆ ತುಂಬುವ ಅಂಕಗಳ ಲೆಕ್ಕದಿಂದ ಎಸ್ಟೇಟಿನ ಫೋನಿಗೆ ಸಂದೇಶ ಬರತೊಡಗಿತು. ಕೆಂಪಾದರೆ ಆನೆ, ಹಸಿರಾದರೆ ಕೆಲಸ. ಅಲ್ಲಿಯವರೆಗೆ ಗಿಡ್ಡಯ್ಯ ಗೇಟಿನಲ್ಲಿ ನಿಂತು ಹೂಂ ಅಂದ ಮೇಲೆಯೇ ಆಳುಗಳು ತೋಟಕ್ಕಿಳಿಯುತ್ತಿದ್ದರು. ಈಗ ಆಳುಗಳನ್ನು ಕಳಿಸುವ ರೈಟರ್ ಲಿಂಗಪ್ಪ ಫೋನು ನೋಡತೊಡಗಿದ. ಗಿಡ್ಡಯ್ಯನ ಪಾಲಿಗೆ ಉಳಿದದ್ದು ಶೃತಿಗೆ ವರದಿ ಕೊಡುವ ಕೆಲಸ.

ಜನವರಿಯ ಒಂದು ಬೆಳಿಗ್ಗೆ ಶೃತಿ ಕೇಳಿದಳು, "ಏನ್ ಕಂಡ್ರಿ ಅಣ್ಣ?"

"ಏನೂ ಕಾಣ್ಲಿಲ್ಲ. ಅದಕ್ಕೇ ಹೆದರಿಕೆ. ಮೊನ್ನೆ ಕೆಳಗಿನ ತೋಟಕ್ಕೆ ನುಗ್ಗಿದ್ವು. ಹೊರಗೆ ಹೋದ ಹೆಜ್ಜೆ ಹಳ್ಳದ ದಂಡೇಲಿಲ್ಲ, ರಸ್ತೇಲಿಲ್ಲ. ಒಳಗೇ ಅವೆ."

ನಕ್ಷೆಯಲ್ಲಿ ಕಂಡದ್ದಕ್ಕೆ ಜಾಗವಿತ್ತು. ಇರಬೇಕಾದದ್ದು ಇಲ್ಲದಿದ್ದರೆ ಬರೆಯಲು ಜಾಗವಿರಲಿಲ್ಲ. ಶೃತಿ ಅಭಿಲಾಷನಿಗೆ ಫೋನು ಮಾಡಿದಳು.

"ಕಾಣದ್ದಕ್ಕೆ ಅಂಕ ಹೇಗ್ರೀ ಕೊಡೋದು? ಸೊನ್ನೆ ಹಾಕಿ."

ಶೃತಿ ಸೊನ್ನೆ ಹಾಕಿದಳು. ಲಿಂಗಪ್ಪನ ಫೋನಿನಲ್ಲಿ ಹಸಿರು ಬಂತು.

ಗಿಡ್ಡಯ್ಯ ಗೇಟಿಗೆ ಅಡ್ಡ ನಿಂತ. "ಕೆಳಗಿನ ತೋಟ ಬೇಡ ಕಣ್ರೀ ಇವತ್ತು."

ಲಿಂಗಪ್ಪ ಫೋನು ಅವನ ಮುಖಕ್ಕೆ ಹಿಡಿದ. "ನಿನ್ನ ತಲೇನೇ ಕಣೋ ಇದ್ರೊಳಗಿರದು! ನಿನ್ ತಲೆ ಹೋಗಿ ಅಂತೈತೆ, ನಿನ್ ಬಾಯಿ ಬೇಡ ಅಂತೈತೆ. ನಾನ್ ಯಾವುದನ್ನ ನಂಬ್ಲಿ?"

ಆಳುಗಳು ಗೊಳ್ಳೆಂದು ನಕ್ಕರು. ಗಿಡ್ಡಯ್ಯನ ತಂಗಿ ಕೆಂಚಮ್ಮನೂ ಅವರಲ್ಲಿದ್ದಳು. "ದಾರಿ ಬಿಡಣ್ಣ, ಹೊತ್ತಾಯ್ತು," ಎಂದು ಅವನ ಕೈ ಸರಿಸಿ ಹೋದಳು.

ಹನ್ನೊಂದು ಗಂಟೆಗೆ ಆನೆ ಅವಳನ್ನು ಕಾಫಿ ಗಿಡದ ಸಾಲಿನಿಂದ ಎತ್ತಿ ಒಗೆಯಿತು. ಜೀವ ಉಳಿಯಿತು; ಮುರಿದ ಸೊಂಟ ಕೂಡಲಿಲ್ಲ.

ವಿಚಾರಣೆಯಲ್ಲಿ ಅಭಿಲಾಷ್ ಶೃತಿ ಸೊನ್ನೆ ಹಾಕಿದ ಹಾಳೆಯನ್ನೇ ಮುಂದಿಟ್ಟ. 'ಕಾವಲುಗಾರ ಯಾವ ಕುರುಹನ್ನೂ ವರದಿ ಮಾಡಿಲ್ಲ' ಎಂದ. ಎಸ್ಟೇಟು ಗಿಡ್ಡಯ್ಯನನ್ನು ಕೆಲಸದಿಂದ ಬಿಡಿಸಿತು. ನಡೆದದ್ದನ್ನು ಶೃತಿ ಸಂಸ್ಥೆಗೆ ಎರಡು ಪುಟ ಬರೆದುಕೊಟ್ಟಳು. ಕಂಪ್ಯೂಟರಿನ ಮಾದರಿ ಸರಿಯಾಗಿದೆ, ಮಾಹಿತಿ ಸಾಲಲಿಲ್ಲ ಎಂದು ಉತ್ತರ ಬಂತು.

ಅವಳು ಆಳುಗಳ ಲೈನ್ ಮನೆಗೆ ಹೋದಾಗ ಗಿಡ್ಡಯ್ಯ ಮಂಚದಲ್ಲಿದ್ದ ತಂಗಿಗೆ ಗಂಜಿ ಕುಡಿಸುತ್ತಿದ್ದ. ಬೈಯಲಿಲ್ಲ.

"ಪ್ಯಾಟೆಯವ್ರಿಗೆ ತಿಳೀಲಿಲ್ಲ, ಬಿಡು. ನೀನು ಹಳ್ಳೀಲಿ ಬೆಳೆದವಳು. ನಾನ್ ಹೇಳಿದ್ದು ನಿಂಗೂ ತಿಳೀಲಿಲ್ವೇನವ್ವ?"

"ತಿಳಿದಿತ್ತು," ಎಂದಳು ಶೃತಿ.

ಗಿಡ್ಡಯ್ಯ ಗಂಜಿಯ ಲೋಟಕ್ಕೆ ತಿರುಗಿದ. ಅವಳನ್ನು ಕೂರು ಎನ್ನಲಿಲ್ಲ.

ಕೆಂಪು-ಹಸಿರಿನ ಆ ಸಂದೇಶ ಈಗ ಇನ್ನೂ ಆರು ಎಸ್ಟೇಟುಗಳಿಗೆ ಹೋಗುತ್ತದೆ. ಗಿಡ್ಡಯ್ಯ ಆಲೂರು ರಸ್ತೆಯ ಒಂದು ನರ್ಸರಿಯಲ್ಲಿ ಕಾಫಿ ಸಸಿಯ ಚೀಲಗಳಿಗೆ ಮಣ್ಣು ತುಂಬುತ್ತಾನೆ.