ಆಪಾ ಕೇಳಿಸಿಕೊಂಡ ನಾಲ್ಕನೇ ಭಾಗ

ಹೋದ ತಿಂಗಳು ಬೀದರ ಬಸ್ ಸ್ಟ್ಯಾಂಡಿನಲ್ಲಿ ಔರಾದ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಎದುರಿನ ಗೋಡೆಗೆ ಯಾರೋ ಕೋಚಿಂಗ್ ಕ್ಲಾಸಿನ ಪೋಸ್ಟರು ಅಂಟಿಸುತ್ತಿದ್ದರು. ಬಕೀಟಿನ ತುಂಬ ಮೈದಾ ಕುದಿಸಿದ ಅಂಟು, ಹುಳ ಬೀಳದಿರಲೆಂದು ಅದಕ್ಕೆ ಒಂದು ಚೂರು ಮೈಲುತುತ್ತ. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಅಲ್ಲಿರಲಿಲ್ಲ. ಬಸ್ಸು ಬಂತು, ಕಂಡಕ್ಟರು ಕೂಗಿದ, ಬಸ್ಸು ಹೋಯಿತು. ನಾನು ಮಾತ್ರ ಭಾಲ್ಕಿಯ ಒಂದು ಗಲ್ಲಿಯಲ್ಲಿ, ಆಪಾಳ ಅಂಗಡಿಯ ಕಟ್ಟೆ ಮೇಲೆ ಕೂತುಬಿಟ್ಟಿದ್ದೆ...

ಆಪಾ ಅಂದರೆ ಅಕ್ಕ. ಆದರೆ ಆಕೆ ನಮ್ಮ ಅವ್ವನಿಗಿಂತ ದೊಡ್ಡವಳು. ಗಲ್ಲಿಯ ಮುದುಕರೂ ಆಪಾ ಅನ್ನುತ್ತಿದ್ದರು, ಕಾಲೇಜಿನ ಹುಡುಗಿಯರಾದ ನಾವೂ ಅನ್ನುತ್ತಿದ್ದೆವು. ಎದುರಿಗೆ ‘ರಿ’ ಹಚ್ಚದೆ ನಾನು ಎಂದೂ ಮಾತಾಡಿದವಳಲ್ಲ. ಬರೆಯಲು ಕೂತಾಗ ಮಾತ್ರ, ಅವ್ವನಿಗೆ ಹಚ್ಚದ ಬಹುವಚನವನ್ನು ಇವಳಿಗೆ ಹಚ್ಚಲು ಮನಸ್ಸು ಒಪ್ಪುತ್ತಿಲ್ಲ.

ಆಕೆಯ ಮನೆಯ ಮುಂದಿನ ಕೋಣೆಯೇ ಅಂಗಡಿ. ಕಾದಂಬರಿಗಳನ್ನು ಬಾಡಿಗೆಗೆ ಕೊಡುವ ಅಂಗಡಿ. ಒಂದು ಗೋಡೆಗೆ ಉರ್ದು, ಒಂದು ಗೋಡೆಗೆ ಮರಾಠಿ, ಕಿಟಕಿಯ ಕಡೆ ಕನ್ನಡ. ಆಪಾ ಓದಿದ್ದು ಉರ್ದು ಸಾಲೆಯಲ್ಲಿ. ಕನ್ನಡ ಮಾತು ನಮ್ಮಷ್ಟೇ ನೀರು ಕುಡಿದಂತೆ ಬರುತ್ತಿತ್ತು, ಅಕ್ಷರ ಮಾತ್ರ ಒಂದೂ ಬರುತ್ತಿರಲಿಲ್ಲ. ಕನ್ನಡ ಪುಸ್ತಕಗಳನ್ನು ಮುಖಪುಟದ ಚಿತ್ರ ನೋಡಿಯೇ ಗುರುತಿಡುತ್ತಿದ್ದಳು. ದಪ್ಪ ಪುಸ್ತಕ ಬಂದರೆ ಕಾಯುವವರು ಬಹಳ ಎಂದು ಅದನ್ನು ಮಧ್ಯಕ್ಕೆ ಕೊಯ್ದು, ಎರಡೂ ತುಂಡಿಗೆ ರಟ್ಟು ಅಂಟಿಸಿ ಎರಡು ಪುಸ್ತಕ ಮಾಡಿಬಿಡುತ್ತಿದ್ದಳು. ಅದಕ್ಕೇ ಆ ಕೋಣೆಯಲ್ಲಿ ಯಾವಾಗಲೂ ಮೈದಾ ಅಂಟಿನ ವಾಸನೆ.

ಆಕೆಯ ಕಾನೂನು ಒಂದೇ. ಕನ್ನಡ ಪುಸ್ತಕ ತಿರುಗಿ ಕೊಡುವಾಗ ಕಟ್ಟೆ ಮೇಲೆ ಕೂತು ಅದರ ಕಥೆಯನ್ನು ಆಕೆಗೆ ಹೇಳಬೇಕು. ಹೇಳದೆ ಎರಡನೇ ತುಂಡು ಇಲ್ಲ, ಮುಂದಿನ ಪುಸ್ತಕವೂ ಇಲ್ಲ. “ನಂದೇ ಅಂಗಡಿ, ನನಗೇ ಒಳಗ ಏನದ ಗೊತ್ತಿಲ್ಲಂದ್ರ ಹ್ಯಾಂಗ?” ಅನ್ನುತ್ತಿದ್ದಳು. ಹೀಗೆ ಕೇಳಿ ಕೇಳಿಯೇ ಕಿಟಕಿ ಕಡೆಯ ಕಪಾಟು ಪೂರ್ತಿ ಆಕೆಗೆ ಬಾಯಿಪಾಠವಾಗಿತ್ತು.

ನನಗೆ ಈ ಕಾನೂನು ಗಂಟಲಲ್ಲಿ ಮುಳ್ಳು. ನಾನು ಮೆಹಕರದಿಂದ ದಿನಾ ಬಸ್ಸಿನಲ್ಲಿ ಭಾಲ್ಕಿಯ ಕಾಲೇಜಿಗೆ ಬರುತ್ತಿದ್ದವಳು, ಹುಟ್ಟಿದಾಗಿನಿಂದ ಮಾತು ತೊದಲುವವಳು. ಬರೀ ತೊದಲಲ್ಲ. ಕೆಲವು ಶಬ್ದಗಳ ಬಾಗಿಲಿಗೆ ಬಂದು ನಿಂತರೆ ಬಾಗಿಲೇ ತೆರೆಯದು. ಎದುರಿಗಿದ್ದವರು ಪಾಪ ಎಂದು ಆ ಶಬ್ದವನ್ನು ತಾವೇ ಹೇಳಿಬಿಡುತ್ತಿದ್ದರು. ಅಪ್ಪ ಹೇಳುತ್ತಿದ್ದ, ಅವ್ವ ಹೇಳುತ್ತಿದ್ದಳು, ಬಸ್ಸಿನ ಕಂಡಕ್ಟರು ನನ್ನ ಊರಿನ ಹೆಸರನ್ನೂ ತಾನೇ ಹೇಳುತ್ತಿದ್ದ. ನನಗೆ ಇದ್ದದ್ದು ಒಂದೇ ಆಸೆ, ಸಾಲಿ ಟೀಚರ್ ಆಗಬೇಕು. ಅದನ್ನು ಕೇಳಿದ ಕಾಲೇಜಿನ ಸರ್ ಒಬ್ಬರು, ಒಳ್ಳೆಯ ಮನಸ್ಸಿನಿಂದಲೇ, “ನಿನಗ ಬರೆಯೋ ಕೆಲಸ ಛಲೋ ತಂಗಿ, ಕಲಿಸೋದು ಬ್ಯಾಡ” ಅಂದಿದ್ದರು. ಅಪ್ಪನೂ ಹೂಂಗುಟ್ಟಿದ್ದ. ಪಿಯುಸಿ ಮುಗಿದ ಮೇಲೆ ಟೈಪಿಂಗ್ ಕಲಿಸಿ ಎಲ್ಲಾದರೂ ಕೂಡಿಸುವುದೆಂದು ಮನೆಯಲ್ಲಿ ಮಾತಾಗಿತ್ತು.

ಮೊದಲ ಸಲ ಪುಸ್ತಕ ತಿರುಗಿ ಕೊಡುವಾಗ ನನ್ನ ಬಾಯಿ ನೋಡಿ ಆಪಾ ನನ್ನನ್ನು ಬಿಟ್ಟುಬಿಡುತ್ತಾಳೆ ಅಂದುಕೊಂಡಿದ್ದೆ. ಬಿಡಲಿಲ್ಲ. ನಾನು ಒಂದು ಶಬ್ದಕ್ಕೆ ಸಿಕ್ಕಿಹಾಕಿಕೊಂಡು ಕಣ್ಣು ಬಿಗಿಮುಚ್ಚಿ ಒದ್ದಾಡಿದೆ. ಆಕೆ ರಟ್ಟಿಗೆ ಅಂಟು ಬಳಿಯುತ್ತ ಕೂತೇ ಇದ್ದಳು. ಆ ಶಬ್ದ ಯಾವುದೆಂದು ಕಲ್ಲಿಗೂ ಗೊತ್ತಾಗುವಂತಿತ್ತು, ಆದರೂ ಆಕೆ ಹೇಳಿಕೊಡಲಿಲ್ಲ. ಮುಖ ಬೇರೆ ಕಡೆ ತಿರುಗಿಸಲೂ ಇಲ್ಲ. ಹಿಂದೆ ನಿಂತವರು ಗೊಣಗಿದಾಗ, “ನಿಂದರ್ರಿ, ಕಥಿ ನಡದದ” ಅಂದಳು, ಅಷ್ಟೇ. ಆವತ್ತು ಎಷ್ಟು ಸಿಟ್ಟು ಬಂದಿತ್ತು ನನಗೆ! ಮನೆಗೆ ಹೋಗಿ ಅತ್ತೆ. ಎರಡನೇ ತುಂಡಿನ ಆಸೆ ಬಿಡದೆ ಮತ್ತೆ ಹೋದೆ.

ಆ ಪುಸ್ತಕವೇ ಹಾಗಿತ್ತು. ರಕ್ತ ಕುಡಿಯುವ ಪಿಶಾಚಿಯೊಬ್ಬ ಮನುಷ್ಯರ ಹುಡುಗಿಯನ್ನು ಪ್ರೀತಿಸುವ ಕಾದಂಬರಿ, ಮೂರು ಭಾಗ. ಆಗ ಭಾಲ್ಕಿಯ ಹುಡುಗಿಯರಿಗೆ ಅದರದೇ ಹುಚ್ಚು. ನಾಯಕ ಬಿಳಿಚಿದ ಮುಖದ ಚೆಲುವ, ಹಗಲು ಹೊರಗೆ ಬರುವುದಿಲ್ಲ. ಆಪಾಗೆ ಅದು ದೊಡ್ಡ ವಿಷಯವಾಗಿ ಕಾಣಲಿಲ್ಲ. “ನಮ್ಮ ಭಾಲ್ಕಿ ಬಿಸಿಲಾಗ ಹಗಲಾ ಯಾರ್ ಹೊರಗ ಬರ್ತಾರ?” ಅಂದಳು. ಅವನು ಹುಡುಗಿಯ ಕೊರಳ ಹತ್ತಿರ ಬಂದೂ ಹಲ್ಲು ಊರದೆ, ಹಸಿವು ತಡೆದುಕೊಂಡು ಹಿಂದೆ ಸರಿಯುತ್ತಾನೆ ಎಂದು ನಾನು ಹೇಗೋ ಹೇಳಿ ಮುಗಿಸಿದಾಗ, ಅಂಟಿನ ಕುಂಚ ಕೆಳಗಿಟ್ಟಳು. “ಹಂಗಾರ ಅಂವಾ ರೋಜಾ ಇದ್ದಾನ, ನಮ್ಮ ರಂಜಾನ್ ಉಪವಾಸದಂಗ. ಪಾಪ, ಛಲೋ ಪೋರ.” ಅಂದಿನಿಂದ ನಾವೆಲ್ಲ ಅವನನ್ನು ರೋಜಾ ಪಿಶಾಚಿ ಅನ್ನತೊಡಗಿದೆವು.

ಉಳಿದವರು ಅವನಿಗೆ ಮರುಳಾದರೆ ನಾನು ಮರುಳಾದದ್ದು ನಾಯಕಿಗೆ. ಅವಳು ಒಂದು ಕಾಲು ಎಳೆದು ನಡೆಯುವ ಹುಡುಗಿ. ಮೂರೂ ಭಾಗದಲ್ಲಿ ಹಾಗೆಯೇ ನಡೆಯುತ್ತಾಳೆ, ಹಾಗೆ ನಡೆಯುತ್ತಲೇ ಸಿಟ್ಟು ಮಾಡುತ್ತಾಳೆ, ನಗುತ್ತಾಳೆ, ಪಿಶಾಚಿಗೇ ಬುದ್ಧಿ ಹೇಳುತ್ತಾಳೆ. ಯಾರೂ ಅವಳ ಕಾಲು ನೆಟ್ಟಗೆ ಮಾಡಲು ಹೋಗುವುದಿಲ್ಲ. ಬರೆದವರು ಮೂರನೇ ಭಾಗದ ಕೊನೆಗೆ ಇಬ್ಬರನ್ನೂ ಒಂದು ಊರಿನ ಅಗಸೆ ಬಾಗಿಲಲ್ಲಿ ನಿಲ್ಲಿಸಿ, ಮುಂದೇನು ಎಂದು ಹೇಳದೆ ಮುಗಿಸಿಬಿಟ್ಟಿದ್ದರು.

ಮುಂದೇನು ಎಂದು ನಾವು ತಲೆ ಕೆಡಿಸಿಕೊಂಡಿದ್ದಾಗಲೇ ಆಪಾ ಹೈದರಾಬಾದಿನ ಫುಟ್‌ಪಾತಿನಿಂದ ನಾಲ್ಕನೇ ಭಾಗ ತಂದಳು. ಅದೇ ಕೆಂಪು ಮುಖಪುಟ, ಅದೇ ಚಂದ್ರ, ಅದೇ ಹುಡುಗಿ. ಅಂಗಡಿಯ ಮುಂದೆ ಜಾತ್ರೆ ಸೇರಿದಂತಾಯಿತು. ಪುಸ್ತಕ ಕೈಗೆ ತೆಗೆದುಕೊಂಡ ಸಾಯಗಾಂವದ ಗೆಳತಿ ಮೊದಲು ನೋಡಿದ್ದು ಹೆಸರನ್ನು. ಬರೆದವರೇ ಬೇರೆ! ಛಾಪಿಸಿದವರ ವಿಳಾಸವೂ ಇಲ್ಲ. ಮೂಲ ಲೇಖಕರನ್ನು ಕೇಳದೆ ಯಾರೋ ಬರೆದು ಮಾರುತ್ತಿದ್ದ ಖೋಟಾ ಮಾಲು. ಚಿತ್ರ ನೋಡಿ ಕೊಳ್ಳುವ ಆಪಾಗೆ ಅದು ಗೊತ್ತಾಗುವುದಾದರೂ ಹೇಗೆ? “ಸೂರತ್ ಅದೇ ಅದಾ ಅಲಾ, ಮಾರಿ ಅದೇ?” ಅಂದಳು ಪಾಪ.

ಖೋಟಾ ಎಂದು ಗೊತ್ತಾದರೂ ಓದದೆ ಬಿಟ್ಟವರು ಯಾರೂ ಇಲ್ಲ. ಓದಿದ ಮೇಲೆ ಶುರುವಾಯಿತು ಗದ್ದಲ. ಅದರಲ್ಲಿ ಮೊದಲ ಅಧ್ಯಾಯದಲ್ಲೇ ಪಿಶಾಚಿ ನಾಯಕಿಯನ್ನು ಕಚ್ಚುತ್ತಾನೆ. ಕಚ್ಚಿದ್ದೇ ತಡ ಅವಳ ಕಾಲು ನೆಟ್ಟಗಾಗುತ್ತದೆ, ಅವಳು ಓಡುತ್ತಾಳೆ, ಕುಣಿಯುತ್ತಾಳೆ, ಊರೆಲ್ಲ ಅವಳ ಚೆಲುವಿಗೆ ಬೆರಗಾಗುತ್ತದೆ. ಆಮೇಲೆ ಲಗ್ನ, ಅವಳಿ ಮಕ್ಕಳು. ದವಾಖಾನೆಯ ಸಿಸ್ಟರ್ ಒಬ್ಬರು, ಮೊದಲ ಮೂರಕ್ಕಿಂತ ಇದೇ ಚೆಂದ ಎಂದು ಎರಡು ಸಲ ಒಯ್ದರು. ಒಬ್ಬಳು ಪುಟದ ಅಂಚಿನ ತುಂಬ ‘ಸುಳ್ಳು, ಸುಳ್ಳು’ ಎಂದು ಗೀಚಿದಳು. ಸಾಯಗಾಂವದವಳಂತೂ ಆಪಾಳದೇ ಅಂಟು ಕದ್ದು ಲಗ್ನದ ಪುಟಗಳನ್ನೆಲ್ಲ ಒಂದಕ್ಕೊಂದು ಮೆತ್ತಿಬಿಟ್ಟಳು. ಆಪಾ ಚಹಾದ ಹಬೆ ಹಿಡಿದು ಅವನ್ನು ಬಿಡಿಸಿದಳು. “ಝೂಟ್ ಇದ್ರೂ ಕಿತಾಬ್ ಕಿತಾಬೇ. ಬೈಬೇಕಂದ್ರೂ ಮೊದಲ ಓದ್ಬೇಕ್” ಎಂದು ಬೈದಳು.

ತೊಂದರೆ ಬಂದದ್ದು ಕಥೆ ಹೇಳುವಾಗ. ಕಥೆ ಇಷ್ಟವಾಗದವರೆಲ್ಲ ಆಪಾಳ ಮುಂದೆ ಕೂತು ಪುಸ್ತಕದಲ್ಲಿ ಇದ್ದದ್ದನ್ನು ಬಿಟ್ಟು ತಮಗೆ ಬೇಕಾದದ್ದನ್ನು ಹೇಳತೊಡಗಿದರು. ಓದಿ ನೋಡಲು ಆಕೆಗೆ ಅಕ್ಷರ ಬರುವುದಿಲ್ಲ. ಒಂದು ಶನಿವಾರ ಮಧ್ಯಾಹ್ನ, ಕಟ್ಟೆ ತುಂಬ ಜನ ಇದ್ದಾಗ, ತಲೆ ಮೇಲೆ ಕೈಹೊತ್ತು ಕೂತಿದ್ದಳು.

“ಒಬ್ಬಾಕಿ ಲಗ್ನಾನೇ ಆಗಿಲ್ಲಂತಾಳ. ಸಿಸ್ಟರ್ ಅವಳಿ ಮಕ್ಕಳಂತಾರ. ಇನ್ನೊಬ್ಬಾಕಿ ಅಂವಾ ಸತ್ತೇ ಹೋದಾ ಅಂತಾಳ. ಕಿತಾಬ್ ಒಂದೇ ಅದಾ. ನಾ ಯಾರ್ ಮಾತ್ ಕೇಳ್ಲಿ?” ಅಂದು ನನ್ನ ಕಡೆ ತಿರುಗಿದಳು. “ನೀ ಹೇಳ್ ಬೇಟಾ. ಒಂದೊಂದ್ ಮಾತಿಗಿ ನಿನಗ ಇಷ್ಟ್ ತ್ರಾಸ್ ಆಗ್ತದ. ಸುಳ್ಳ್ ಹೇಳ್ಲಿಕ್ಕಿ ಯಾಕ ತ್ರಾಸ್ ತಗೋತಿ?”

ಎಲ್ಲರೂ ನಕ್ಕರು. ನಾನೂ ನಕ್ಕೆ. ನನ್ನ ತೊದಲಿನ ಬಗ್ಗೆ ಯಾರೋ ಮಾತಾಡಿ ನಾನು ನಕ್ಕದ್ದು ಹುಟ್ಟಿದ ಮೇಲೆ ಅದೇ ಮೊದಲು. ಜಗತ್ತೆಲ್ಲ ಕೊರತೆ ಎಂದದ್ದನ್ನು ಈ ಹೆಂಗಸು ಸಾಕ್ಷಿ ಎಂದು ಕರೆದಿದ್ದಳು.

ಪುಸ್ತಕದಲ್ಲಿ ಇದ್ದ ಹಾಗೆಯೇ ಹೇಳಿದೆ. ಕಾಲು ನೆಟ್ಟಗಾದದ್ದಕ್ಕೆ ಬಂದಾಗ ಸಿಟ್ಟು ಉಕ್ಕಿತು. “ಆಕಿಗಿ ಏನ್... ಏನ್ ಕಮ್ಮಿ ಇತ್ರಿ ಆಪಾ? ಕಾ... ಕಾಲ್ ಎಳದ್ಕೊಂಡೇ ಮೂರ್ ಭಾಗ ನಡದಾಳ. ಅಂವಾ ಹಂಗೇ ಪ್ರೀತಿ ಮಾಡ್ಯಾನ. ಈಗ ರಿಪೇರಿ ಮಾಡಿ... ಮಾಡಿ ಲಗ್ನಾ ಆಗೋದ್ ಯಾಕ?” ನಡುನಡುವೆ ಎಷ್ಟು ಸಲ ನಿಂತೆನೋ. ಕಟ್ಟೆ ತುಂಬ ಜನ ಇದ್ದಾರೆ ಎಂಬುದೇ ಮರೆತಿತ್ತು. ಮಾತು ಸಿಕ್ಕಿಕೊಂಡರೆ ಸಿಕ್ಕಿಕೊಳ್ಳಲಿ, ಆದರೆ ಇದನ್ನು ಹೇಳದೆ ಏಳುವುದಿಲ್ಲ ಎನ್ನುವ ಹಟ.

ಆಪಾ ಪೂರ್ತಿ ಕೇಳಿ, “ಇದು ಕಿತಾಬಿಂದು ಆಯ್ತು. ಈಗ ನಿಂದು ಹೇಳ್” ಅಂದಳು.

ನನ್ನದನ್ನು ಹೇಳಿದೆ. ಅಗಸೆಯಲ್ಲಿ ನಿಂತಾಗ ಪಿಶಾಚಿ ಕೇಳುತ್ತಾನೆ, ಕಚ್ಚಲೇ, ನಿನ್ನ ಕಾಲು ನೆಟ್ಟಗಾಗುತ್ತದೆ, ಇಬ್ಬರೂ ಗಾಳಿಯ ಹಾಗೆ ಓಡಬಹುದು. ಅವಳು ಬೇಡ ಅನ್ನುತ್ತಾಳೆ. ನೀನೇ ನಿಧಾನ ನಡಿ ಅನ್ನುತ್ತಾಳೆ. ಅಷ್ಟು ವರ್ಷ ಗಾಳಿಯ ಹಾಗೆ ಓಡಿದವನು ಅವಳ ಪಕ್ಕದಲ್ಲಿ ಒಂದೊಂದೇ ಹೆಜ್ಜೆ ಇಡಲು ಕಲಿಯುತ್ತಾನೆ. ಅಷ್ಟೇ ನನ್ನ ನಾಲ್ಕನೇ ಭಾಗ.

ಆಪಾ ಅಲ್ಲೇ ಹುಕುಂ ಹೊರಡಿಸಿದಳು. ಖೋಟಾ ಪುಸ್ತಕ ಬಾಡಿಗೆಗೆ ಇರುತ್ತದೆ. ಆದರೆ ಒಯ್ದವರು ಶನಿವಾರ ಮಧ್ಯಾಹ್ನ ಬಂದು ನನ್ನ ಬಾಯಿಂದ ನನ್ನದನ್ನೂ ಕೇಳಿ ಹೋಗಬೇಕು. ನನ್ನನ್ನು ಯಾರೂ ಕೇಳಲಿಲ್ಲ. ಆ ವರ್ಷ ಪೂರ್ತಿ ಶನಿವಾರವೆಂದರೆ ನಾನು ಕಟ್ಟೆಯ ಮೇಲೆ, ಎದುರಿಗೆ ಯಾರಾರೋ ಗುರುತಿಲ್ಲದ ಮುಖಗಳು. ಸಿಸ್ಟರ್ ಬಂದು ಕೇಳಿ, “ನನಗ ಮಾತ್ರ ಅವಳಿ ಮಕ್ಕಳೇ ಬೇಕು” ಎಂದು ಎದ್ದು ಹೋದರು. ಹಾಗೆ ಎದ್ದುಹೋದವರೂ ಇದ್ದರು, ಕಣ್ಣೊರೆಸಿಕೊಂಡವರೂ ಇದ್ದರು. ಯಾರಾದರೂ ನನ್ನ ಶಬ್ದ ತಾವು ಹೇಳಲು ಬಾಯಿ ತೆರೆದರೆ ಆಪಾ ಅಂಟಿನ ಕುಂಚ ಎತ್ತಿ ತೋರಿಸುತ್ತಿದ್ದಳು.

ತೊದಲು ಹೋಗಲಿಲ್ಲ. ಇವತ್ತಿಗೂ ಇದೆ. ಹೋದದ್ದು ಅದರ ಹೆದರಿಕೆ. ಡಿ.ಎಡ್.ಗೆ ಅರ್ಜಿ ಹಾಕುತ್ತೇನೆ ಎಂದು ಅಪ್ಪನ ಮುಂದೆ ನಿಂತು ನಾನೇ ಹೇಳಿದೆ, ಅವನು ಮಾತು ಮುಗಿಸಲು ಬಂದಾಗ ಕೈ ಅಡ್ಡ ಹಿಡಿದು ನಾನೇ ಮುಗಿಸಿದೆ. ಆಪಾಗೆ ಹೇಳಿದಾಗ ಆಕೆ ಹೊಗಳಲಿಲ್ಲ, ಹರಸಲೂ ಇಲ್ಲ. “ಹಂಗಾರ ಶನಿವಾರ ಬರೋದಿಲ್ಲೇನ್?” ಎಂದು ಮುಖ ಸಣ್ಣ ಮಾಡಿಕೊಂಡಳು.

ಈಗ ಔರಾದ ತಾಲೂಕಿನ ಒಂದು ಸಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ನಾನು ಶಬ್ದಕ್ಕೆ ನಿಂತರೆ ಸಾಲೆಯ ಮಕ್ಕಳೂ ನಿಂತು ಕಾಯುತ್ತಾರೆ, ಅವರಿಗೆ ಅದು ರೂಢಿ. ನೌಕರಿ ಸಿಕ್ಕ ಹೊಸದರಲ್ಲಿ ಆಪಾಳ ಹತ್ತಿರ ಹೋಗಿ ಬಂದೆ. ಆಮೇಲೆ ಲಗ್ನ, ಮಕ್ಕಳು, ಔರಾದದಿಂದ ಬೀದರ, ಬೀದರದಿಂದ ಔರಾದ... ಭಾಲ್ಕಿ ಏನು ದೂರವೇ? ಹತ್ತಿರ ಇದೆ ಎಂದೇ ಹೋಗುವುದು ತಪ್ಪುತ್ತ ಬಂತು.

ಆವತ್ತು ಔರಾದ ಬಸ್ಸು ತಪ್ಪಿದ್ದೇ ಒಳ್ಳೆಯದಾಯಿತೆಂದು ಭಾಲ್ಕಿ ಬಸ್ಸು ಹತ್ತಿದೆ. ಗಲ್ಲಿ ಅದೇ, ಅಂಗಡಿಯ ಜಾಗದಲ್ಲಿ ಮೊಬೈಲ್ ರಿಪೇರಿ. ಬಾಗಿಲು ತೆರೆದದ್ದು ಆಪಾಳ ಮೊಮ್ಮಗಳು, ಈಗ ಕಾಲೇಜು ಓದುವ ಹುಡುಗಿ. ಆಪಾ ಹೋದ ವರ್ಷದ ಮಳೆಗಾಲದಲ್ಲಿ ತೀರಿಕೊಂಡಿದ್ದಳು. ನನಗೆ ಯಾರೂ ಹೇಳಿರಲಿಲ್ಲ. ಹೇಳಲು ನಾನು ಯಾರಿಗೆ ಗೊತ್ತು? ಹೊಸ್ತಿಲಲ್ಲೇ ಕೂತುಬಿಟ್ಟೆ. ಹುಡುಗಿ ನೀರು ತಂದುಕೊಟ್ಟಳು, ಯಾರೆಂದು ಕೇಳಿದಳು. ಬಾಡಿಗೆ ಪುಸ್ತಕ ಒಯ್ಯುತ್ತಿದ್ದೆ, ಆ ಪಿಶಾಚಿಯ ಕಥೆ, ಅಂದೆ. ಅವಳ ಮುಖ ಅರಳಿತು.

“ಅದು ನಮಗೆಲ್ಲಾ ಬರ್ತದ್ರಿ ಮೇಡಮ್. ದಾದೀಮಾ ಹೇಳ್ಲಾರದ ನಾವು ಮಲಗಿಲ್ಲ” ಎಂದು ಎದುರಿಗೆ ಕೂತು ಹೇಳತೊಡಗಿದಳು. ಅಗಸೆ ಬಂತು. ಕಚ್ಚಲೇ ಎಂದು ಅವನು ಕೇಳಿದ. “ಅವಾಗ ಆಕಿ ಅಂದ್ಲು, ನೀನೇ...” ಎಂದು ಹುಡುಗಿಯ ಮಾತು ನಿಂತಿತು. ನಿಂತೇ ಇತ್ತು. ಮರೆತಳೇನೋ ಎಂದು ಆ ಶಬ್ದ ಹೇಳಿಕೊಡಲು ನಾನು ಬಾಯಿ ತೆರೆದೆ.

ಅವಳು ಕೈ ಎತ್ತಿದಳು. “ತಡೀರಿ ಮೇಡಮ್. ಇಲ್ಲಿ ನಿಂದರಬೇಕು. ದಾದೀಮಾ ಇಲ್ಲಿ ಹಿಂಗೇ ನಿಂದರ್ತಿದ್ರು. ಕಥಿನೇ ಹಂಗದ.”

ನಾನು ಬಾಯಿ ಮುಚ್ಚಿಕೊಂಡು ಕಾದೆ. ಎಷ್ಟೋ ವರ್ಷ ನಾನು ನಾಚಿಕೊಂಡಿದ್ದ ಮೌನ ಅದು. ಈ ಮನೆಯಲ್ಲಿ ಅದು ಕಥೆಯ ಒಂದು ಸಾಲಾಗಿತ್ತು. ಆಪಾ ಒಂದು ಶಬ್ದವನ್ನೂ ಬಿಟ್ಟಿರಲಿಲ್ಲ, ನನಗೆ ಬಾರದೆ ನಿಂತ ಶಬ್ದಗಳನ್ನೂ. ಆಕೆಗೆ ಒಮ್ಮೆಯೂ ನನ್ನ ಬಾಯಿಂದ ಶುಕ್ರಿಯಾ ಎಂದು ಹೇಳಿಲ್ಲ, ಇನ್ನು ಹೇಳಲು ಆಕೆ ಇಲ್ಲ.

ಹುಡುಗಿ ಉಸಿರು ಬಿಟ್ಟು, “ನಿಧಾನ ನಡಿ” ಅಂದಳು. ಆಮೇಲೆ ನನ್ನ ಮುಖ ನೋಡಿ ಗಾಬರಿಯಾಗಿ, ಚಹಾ ಮಾಡಲು ಒಳಗೆ ಹೋದಳು.