ಟೈಲರಕ್ಕ ಕಲಿಸಿದ ಚಪ್ಪಟೆ

ಅವರ ಎಡ ಹುಬ್ಬು ಯಾವಾಗಲೂ ನೀಲಿ. ಬಟ್ಟೆಗೆ ಗುರುತು ಹಾಕುವ ನೀಲಿ ಚಾಕ್‌ಪೀಸು ಹಿಡಿದ ಕೈಯಲ್ಲೇ ಹಣೆ ಕೆರೆದುಕೊಳ್ಳುತ್ತಿದ್ದರು. ಒರೆಸಿಕೊಳ್ಳಿ ಎಂದರೆ, "ಇರ್ಲಿ ಬಿಡಮ್ಮಾ, ನನ್ನ ಹುಬ್ಬು ಯಾರು ನೋಡ್ಬೇಕು? ನಿನ್ನ ರವಿಕೆ ನೆಟ್ಟಗಿದ್ರೆ ಸಾಕು ಕದಾ" ಅನ್ನುವರು. ಬಳ್ಳಾರಿಯಲ್ಲಿ ಹುಟ್ಟಿ, ಮದುವೆಯಾಗಿ ವಿಜಯವಾಡದ ಭವಾನಿಪುರಂ ಸೇರಿದವರು. ‘ಅಲ್ವಾ’ ಎನ್ನುವಲ್ಲೆಲ್ಲ ‘ಕದಾ’ ಎಂಬ ತೆಲುಗಿನ ಒಗ್ಗರಣೆ ಬೀಳದಿದ್ದರೆ ಅವರ ಕನ್ನಡ ಅವರಿಗೇ ರುಚಿಸುತ್ತಿರಲಿಲ್ಲ. ನನ್ನ ಬಾಡಿಗೆ ಕೋಣೆಯ ಕೆಳಗೇ ಅವರ ಹೊಲಿಗೆ ಅಂಗಡಿ. ನನಗೆ ಅವರು ಟೈಲರಕ್ಕ.

ಎರಡು ಸಾವಿರದ ದಶಕದ ನಡುವಿನ ಮಾತು. ದಾವಣಗೆರೆಯಿಂದ ಅಲ್ಲಿನ ಕಾಲೇಜೊಂದಕ್ಕೆ ಗಣಿತ ಕಲಿಸಲು ಹೋಗಿದ್ದೆ. ಕೆಲಸ ಸಿಗಬೇಕಾದರೆ ಮೊದಲು ಒಂದು ಡೆಮೊ ಕ್ಲಾಸು ಕೊಡಬೇಕಿತ್ತು. ಸಮತಲ ಎಂದರೇನು ಎಂದು ಪುಸ್ತಕದ ವ್ಯಾಖ್ಯೆ ಒಪ್ಪಿಸಿದೆ. ಹಿಂದಿನ ಬೆಂಚುಗಳು ಆಕಳಿಸಿದವು. ಸೋಮವಾರ ಇನ್ನೊಂದು ಅವಕಾಶ, ಅದೂ ಹೀಗೇ ಆದರೆ ಕೆಲಸವಿಲ್ಲ ಎಂದುಬಿಟ್ಟರು ಪ್ರಿನ್ಸಿಪಾಲರು. ಮನೆಯವರೆಲ್ಲರೊಡನೆ ಜಗಳವಾಡಿ ಹೊರಟು ಬಂದವಳು ನಾನು. ಯಾವ ಮುಖ ಹೊತ್ತು ಹಿಂದಿರುಗಲಿ?

ಅಕ್ಕನ ಮುಂದೆ ಕೂತು ಅತ್ತುಬಿಟ್ಟೆ. ಆ ಪ್ರಿನ್ಸಿಪಾಲ ರಾಕ್ಷಸ ಎಂದು ಬಾಯಿತುಂಬ ಬೈದೆ. ಅವರು ಕತ್ತರಿ ಕೆಳಗಿಟ್ಟು, "ಪಾಠ ಯಾವುದು?" ಎಂದರು.

"ಚಪ್ಪಟೆ ಅಂದ್ರೇನು ಅಂತ."

"ಅಯ್ಯೋ ರಾಮಾ, ಅದು ನನ್ನ ಪಾಠ ಅಲ್ವೇನಮ್ಮಾ!"

ಒಂದು ಸೀರೆ, ಒಂದು ಹೊಲಿದ ರವಿಕೆ ತಂದು ಮೇಜಿನ ಮೇಲಿಟ್ಟರು. "ಸೀರೆ ಮೈಗೆ ಎಷ್ಟು ಸುತ್ತಿದ್ರೂ ಬಿಚ್ಚಿದ್ರೆ ಚಪ್ಪಟೆ. ಈ ರವಿಕೆ ಚಪ್ಪಟೆ ಮಾಡು ನೋಡೋಣ."

ಒತ್ತಿದೆ. ಎದೆಯ ಬಳಿ ಉಬ್ಬಿತು. ಅಲ್ಲಿ ಒತ್ತಿದರೆ ಕಂಕುಳಲ್ಲಿ ಸುಕ್ಕು. "ಟಕ್ಸ್ ಹಿಡಿದೀನಿ ಕದಾ, ಇನ್ನು ಅದು ಈ ಜನ್ಮದಲ್ಲಿ ಚಪ್ಪಟೆ ಆಗಲ್ಲ" ಎಂದು ನಕ್ಕರು. ಬಟ್ಟೆಯನ್ನು ಚಿವುಟಿ ಹೊಲಿದ ಆ ಸಣ್ಣ ಮಡಿಕೆಗಳಲ್ಲಿ, ನಾನು ಎಂಎಸ್ಸಿಯಲ್ಲಿ ಉರು ಹೊಡೆದಿದ್ದ ಇಡೀ ಅಧ್ಯಾಯವಿತ್ತು! ಸುರುಳಿ ಸುತ್ತಿದ ಹಾಳೆ ಜ್ಯಾಮಿತಿಗೆ ಇನ್ನೂ ಚಪ್ಪಟೆಯೇ. ಚೆಂಡು ಎಂದೆಂದಿಗೂ ಅಲ್ಲ. ಖುಷಿಗೆ ಗೋಡೆಯ ಕ್ಯಾಲೆಂಡರಿನ ದೇವಿಯನ್ನೂ ತೋರಿಸಿ, ಇದೂ ಚಪ್ಪಟೆ ತಾನೇ ಎಂದೆ.

"ಹೂಂ. ಮುಖ ನಮ್ಮ ಕಡೆ, ಪಾದ ಪಕ್ಕಕ್ಕೆ, ಎಂಟು ಕೈಯಲ್ಲಿ ಒಂದೂ ಇನ್ನೊಂದನ್ನ ಮುಚ್ಚಿಲ್ಲ. ಎಲ್ಲಾ ಕಾಣ್ಲಿ ಅಂತ ಬೇಕಂತಲೇ ಹಂಗೆ ಬರೆದಾರೆ, ಅದು ತಪ್ಪಲ್ಲ. ನೀನು ಪ್ರಿನ್ಸಿಪಾಲರನ್ನ ರಾಕ್ಷಸ ಅಂದೆ ನೋಡು, ಅದು ತಪ್ಪು. ಹೆಂಡತಿ ಕಾಯಿಲೆ ಬಿದ್ದಾಗ ಅಳತೆ ರವಿಕೆ ತಂದವರು ಅವರೇ. ಭುಜ ಬಿಗಿ ಬೇಡ, ನೋವಾಗುತ್ತೆ ಅಂತ ಮೂರು ಸರ್ತಿ ಹೇಳಿದ್ರು. ಮನುಷ್ಯರ ಕಥೆಗೂ ಟಕ್ಸ್ ಹಿಡೀಬೇಕಮ್ಮಾ, ಇಲ್ದಿದ್ರೆ ಅವರೂ ಬರೀ ಚಪ್ಪಟೆ."

ಸೋಮವಾರ ಆ ರವಿಕೆ ಮತ್ತು ಒಂದು ಚೀಲ ಮೂಸಂಬಿ ಹಿಡಿದು ಕ್ಲಾಸಿಗೆ ನುಗ್ಗಿದೆ. ಹುಡುಗರು ಕಿಸಕ್ಕೆಂದರು. ನಗಲಿ! ಬಟ್ಟಲಿನಂತೆ ಸುಲಿದ ಸಿಪ್ಪೆಗಳನ್ನು ಹಂಚಿ, ಹರಿಯದಂತೆ ಚಪ್ಪಟೆ ಮಾಡಿ ಎಂದೆ. ಎಲ್ಲರದೂ ಹರಿಯಿತು. "ಹಂಗಾದ್ರೆ ಗೋಡೆ ಮೇಲಿನ ವರ್ಲ್ಡ್ ಮ್ಯಾಪ್ ಸುಳ್ಳಾ ಮೇಡಂ?" ಎಂದು ಹುಡುಗಿಯೊಬ್ಬಳು ತೆಲುಗಿನಲ್ಲಿ ಕೂಗಿದಳು. ಎಲ್ಲೋ ಒಂದು ಕಡೆ ಸುಳ್ಳು ಹೇಳದೆ ಅದಕ್ಕೆ ಗತಿಯಿಲ್ಲ ಎಂದೆ. ಕ್ಲಾಸು ಸಂತೆಯಾಯಿತು! ಹಿಂದೆ ಕೂತಿದ್ದ ಪ್ರಿನ್ಸಿಪಾಲರು ಎದ್ದು ಬಂದು, ತಾವೂ ಒಂದು ಸಿಪ್ಪೆ ಒತ್ತಿ ನೋಡಿದರು. ಕೆಲಸ ಸಿಕ್ಕಿತು.

ಕೆಲವು ವರ್ಷಗಳ ನಂತರ ವಿಶಾಖಪಟ್ಟಣದಲ್ಲಿ ಕಲಿಸುತ್ತಿದ್ದಾಗ, ಅಕ್ಕ ಹೋಗಿಬಿಟ್ಟರೆಂದು ಅವರ ಮಗಳ ಫೋನು ಬಂತು. ಓಡಿದೆ. ಮನೆ ತುಂಬ ಜನ. ತುಂಬಾ ಒಳ್ಳೆಯವರು, ದೇವರಂಥವರು ಎಂದು ಬಂದವರೆಲ್ಲ ಒಂದೇ ಮಾತು ಹೇಳಿ ಹೋಗುತ್ತಿದ್ದರು. ಮಗಳು ಕಣ್ಣೀರೂ ಇಲ್ಲದೆ ಕೂತಿದ್ದಳು.

ನಾನು ಪಕ್ಕದಲ್ಲಿ ಕೂತು ಹೇಳಿದೆ. ನಿಮ್ಮಮ್ಮ ನನ್ನ ರೇಷ್ಮೆ ರವಿಕೆಗೆ ಎರಡೂ ತೋಳು ಎಡಗೈಯವನ್ನೇ ಕತ್ತರಿಸಿದ್ದರು. ಮೂರು ದಿನ ತಪ್ಪು ಒಪ್ಪಲಿಲ್ಲ. ನಿನ್ನ ಕೈಯೇ ಸರಿಯಿಲ್ಲ ಎಂದು ನನ್ನ ಮೇಲೇ ಹಾರಾಡಿದರು. ನಾಲ್ಕನೆಯ ದಿನ ತಮ್ಮ ಮದುವೆ ಸೀರೆಯ ಸೆರಗು ಕತ್ತರಿಸಿ ತೋಳು ಹೊಲಿದು ತಂದು, ಬಾಗಿಲಲ್ಲಿ ಇಟ್ಟು ಹೋದರು.

ಮಗಳು ನನ್ನನ್ನೇ ನೋಡಿದಳು. "ಸೆರಗು ಇಲಿ ಕಡೀತು ಅಂದಿದ್ಲು ಅಮ್ಮ" ಎಂದಳು. ನಕ್ಕಳು. ಆಮೇಲೆ ನನ್ನ ಹೆಗಲ ಮೇಲೆ ಬಿದ್ದು ಗೊಳೋ ಎಂದು ಅತ್ತಳು.